ಅಜ್ಜಿಯ ಮಿದುಳೂ ನನ್ನ ಓದೂ

ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಗೆ ಲೋಕವು ಕೇಳುವ ಪ್ರಶ್ನೆ ಒಂದೇ: "ಮುಂದೇನು?" ಬಸ್ಸಿನ ಕಂಡಕ್ಟರು ಕೇಳುತ್ತಾನೆ, ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು ಕೇಳುತ್ತಾರೆ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತ, ಹೆಸರು ಕೂಡ ತಿಳಿಯದ ನೆಂಟರು ಕೇಳುತ್ತಾರೆ. ಇದಕ್ಕೆ ಸಿದ್ಧವಾದ ಉತ್ತರಗಳೂ ಉಂಟು: ಬಿ.ಎಡ್., ಕೆ.ಎ.ಎಸ್. ಕೋಚಿಂಗ್, ಪೊಲೀಸ್ ಪರೀಕ್ಷೆ. ಹುಡುಗಿಯಾದರೆ ಇನ್ನೊಂದು ಉತ್ತರವುಂಟು. ಅದನ್ನು ಕೇಳಿದವರೇ ಹೇಳಿ ಮುಗಿಸುತ್ತಾರೆ. ಇವುಗಳಲ್ಲಿ ಯಾವುದನ್ನು ಹೇಳಿದರೂ ಅವರು ತಲೆಯಾಡಿಸಿ ತಮ್ಮ ದಾರಿ ಹಿಡಿಯುತ್ತಾರೆ. ನಾನು ಈ ವರ್ಷ, "ಮನುಷ್ಯರ ಮಿದುಳಿನ ಚಿತ್ರ ತೆಗೆದು ಅಭ್ಯಾಸ ಮಾಡುವ ವಿದ್ಯೆ ಕಲಿಯಬೇಕೆಂದಿದ್ದೇನೆ" ಎಂದು ಹೇಳತೊಡಗಿದ್ದೇನೆ. ಕೇಳಿದವರು ಹೋಗುವುದಿಲ್ಲ, ನಿಂತುಬಿಡುತ್ತಾರೆ. "ಡಾಕ್ಟರಾ?" "ಅಲ್ಲ." "ಸ್ಕ್ಯಾನಿಂಗ್ ಸೆಂಟರಾ?" "ಅದೂ ಅಲ್ಲ." "ಬಿ.ಎ. ಓದಿಕೊಂಡು ಅದೆಲ್ಲ ಹೇಗಮ್ಮಾ?" ಈ ಕೊನೆಯ ಪ್ರಶ್ನೆ ನ್ಯಾಯವಾದುದೇ. ಆದರೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಉತ್ತರಿಸುವಂಥದಲ್ಲ. ಆದುದರಿಂದ ಸಂಪಾದಕರು ದಯಮಾಡಿ ಕೊಟ್ಟ ಈ ಪುಟಗಳನ್ನು ಅದಕ್ಕಾಗಿ ಬಳಸಿಕೊಳ್ಳುತ್ತಿದ್ದೇನೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಮಾವಿನ ಹಣ್ಣಿಗೆ ಹೆಸರಾದ ಈ ತಾಲ್ಲೂಕು ವಿಜ್ಞಾನಿಗಳ ಲೋಕದಲ್ಲಿ ಬೇರೊಂದು ಕಾರಣಕ್ಕೆ ಹೆಸರು ಪಡೆದಿದೆ ಎಂಬುದು ನಮ್ಮ ಕಾಲೇಜಿನಲ್ಲೇ ಬಹಳ ಮಂದಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವೆಂಬ ಒಂದು ಕೇಂದ್ರವುಂಟು. ಅಲ್ಲಿಯವರು 2018ರಲ್ಲಿ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿದರು. 45 ವರ್ಷ ದಾಟಿದ, ಮರೆವಿನ ಕಾಯಿಲೆ ಇನ್ನೂ ತಟ್ಟದ 10,000 ಮಂದಿಯನ್ನು ಸೇರಿಸಿಕೊಂಡು, ಅವರ ಆರೋಗ್ಯ, ನೆನಪು, ರಕ್ತ, ಮಿದುಳು ಇವುಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗಬೇಕೆಂಬುದು ಅದರ ಉದ್ದೇಶ. ಮುಪ್ಪಿನಲ್ಲಿ ಕೆಲವರ ನೆನಪು ಏಕೆ ಕಳಚಿಕೊಳ್ಳುತ್ತದೆ, ಕೆಲವರದು ಏಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಕಾಯಿಲೆ ಬಂದ ಮೇಲೆ ವಿಚಾರಿಸಿದರೆ ತಡವಾಯಿತು. ಬರುವ ಮೊದಲಿನಿಂದಲೇ ನೋಡುತ್ತ ಬರಬೇಕು. ಈ ಕೇಂದ್ರವನ್ನು ಕಟ್ಟಿ ನಡೆಸಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಅದಕ್ಕೂ ಹಿಂದೆ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನೂ ಸ್ಥಾಪಕ ನಿರ್ದೇಶಕಿಯಾಗಿ ಕಟ್ಟಿದವರು. ಅವರು ಪಿಎಚ್.ಡಿ. ಪದವಿ ಪಡೆದುದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಿಂದ.

ಈ ಅಧ್ಯಯನಕ್ಕೆ ಒಪ್ಪಿ ಹೆಬ್ಬೆಟ್ಟು ಒತ್ತಿದವರಲ್ಲಿ ನಮ್ಮ ಅಜ್ಜಿಯೂ ಒಬ್ಬಳು. ಅವಳಿಗೆ ಅಕ್ಷರ ಬಾರದು. ವಯಸ್ಸು ಎಪ್ಪತ್ತರ ಆಚೆ ಈಚೆ. ಆಧಾರ್ ಚೀಟಿಯಲ್ಲಿ ಒಂದು, ಅವಳ ಬಾಯಲ್ಲಿ ಒಂದು. ಮೊದಲು ಊರಿನಲ್ಲಿ ಪ್ರಶ್ನೆ ಕೇಳಿದರು, ರಕ್ತ ತೆಗೆದರು. ಆಮೇಲೆ ಒಂದು ದಿನ ಬೆಂಗಳೂರಿಗೆ ಕರೆದೊಯ್ದರು. ಮೂಗುತಿ, ಓಲೆ, ಬಳೆ ಎಲ್ಲವನ್ನೂ ಕಳಚಿ, ಮದುವೆಯಾದಂದಿನಿಂದ ತೆಗೆಯದಿದ್ದ ಕಾಲುಂಗುರವನ್ನು ಸೋಪು ಹಚ್ಚಿ ಜಾರಿಸಿ, ಒಂದು ಗಂಟಿನಲ್ಲಿ ಕಟ್ಟಿ ತಾತನ ಕೈಗೆ ಒಪ್ಪಿಸಿ ಅವಳು ಆ ಕೊಳವೆಯೊಳಗೆ ಮಲಗಿದಳಂತೆ. ಒಳಗೆ ಕಿವಿ ಬಿರಿಯುವ ಸದ್ದು. ಸಾವಿರ ಅಡಿ ಕೊರೆದರೂ ನೀರು ಕಾಣದ ಬಾವಿಗಳ ಜಿಲ್ಲೆಯವಳಿಗೆ ಆ ಸದ್ದು ಹೊಸದಲ್ಲ. ಹೊರಗೆ ಬಂದವಳೇ ಯಂತ್ರ ನಡೆಸುವವನನ್ನು, "ಎಷ್ಟಡಿಗೆ ನೀರು ಬಿತ್ತಪ್ಪಾ?" ಎಂದು ಕೇಳಿದಳಂತೆ. ಆತ ಎಷ್ಟು ನಕ್ಕನೆಂದರೆ ಮುಂದಿನವರನ್ನು ಮಲಗಿಸುವುದು ಎರಡು ನಿಮಿಷ ತಡವಾಯಿತಂತೆ.

ಅಂದು ರಾತ್ರಿ ಅವಳು ಹೇಳಿದ ಇನ್ನೊಂದು ಮಾತು ನನ್ನಲ್ಲಿ ಉಳಿಯಿತು. "ಗಾಜಿನ ಆಚೆ ನಿನ್ನಷ್ಟೇ ಎತ್ತರದ ಒಂದು ಹುಡುಗಿ ಕೂತಿದ್ದಳು ಕಣೇ. ನನ್ನ ತಲೆ ಒಳಗಿರೋದೆಲ್ಲ ಅವಳ ಮುಂದಿನ ಟೀವಿಯಲ್ಲಿ ಕಾಣುತ್ತಂತೆ." "ಏನು ಓದಿದ್ದಾಳೆ ಅಂತ ಕೇಳಿದೆಯಾ ಅಜ್ಜಿ?" "ಕೇಳದೆ ಬಿಡ್ತೀನಾ? ನಿನ್ನ ಹಾಗೇ ಮನಸ್ಸಿನ ವಿಷಯವಂತೆ."

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ಕಡೆಯವರ ತಲೆಗಳು ನೂರಾರು ಸಂಖ್ಯೆಯಲ್ಲಿ ಗಾಜಿನ ಈಚೆ ಬದಿಗೆ ಹೋಗಿ ಬಂದಿವೆ. ಆಚೆ ಬದಿಗೆ ಹೋಗುವ ದಾರಿ ಯಾವುದು, ಅದನ್ನು ತೋರಿಸುವವರು ಯಾರು ಎಂಬುದು ಅಂದಿನಿಂದ ನನ್ನ ವಿಚಾರವಾಯಿತು.

ಮೊದಲು ಈ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಕಲಾ ವಿದ್ಯಾರ್ಥಿಗಳು ಹೆದರಬೇಕಾದುದಿಲ್ಲ, ನಾನೂ ಪಿ.ಯು.ಸಿ.ಯಲ್ಲಿ ಕಲಾ ವಿಭಾಗದವಳೇ. ಎಂ.ಆರ್.ಐ. ಎಂಬುದು ಒಂದು ಭಾರಿ ಅಯಸ್ಕಾಂತ. ಸಂಶೋಧನೆಗೆ ಸಾಮಾನ್ಯವಾಗಿ ಬಳಸುವ ಯಂತ್ರದ ಶಕ್ತಿ 3 ಟೆಸ್ಲಾ. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ ಸುಮಾರು 60,000 ಪಟ್ಟು. ಅಜ್ಜಿಯ ಕಾಲುಂಗುರವನ್ನೂ ಬಿಡದೆ ತೆಗೆಸಿದುದು ಇದಕ್ಕೇ. ನಮ್ಮ ದೇಹದಲ್ಲಿ ನೀರಿದೆ, ನೀರಿನಲ್ಲಿ ಜಲಜನಕವಿದೆ. ಆ ಜಲಜನಕದ ಪರಮಾಣುಗಳ ಒಡಲೂ ಪುಟ್ಟ ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಅವುಗಳನ್ನು ರೇಡಿಯೋ ಅಲೆಯಿಂದ ತಟ್ಟಿದರೆ ಅವು ಮರುದನಿ ಕೊಡುತ್ತವೆ. 3 ಟೆಸ್ಲಾ ಯಂತ್ರದಲ್ಲಿ ಆ ಅಲೆ ಸುಮಾರು 128 ಮೆಗಾಹರ್ಟ್ಸ್. ಎಂದರೆ ನಮ್ಮ ಎಫ್.ಎಂ. ರೇಡಿಯೋದ ಮುಳ್ಳು ಕೊನೆಮುಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ. ಆ ಮರುದನಿಯಿಂದ ಚಿತ್ರ ಕಟ್ಟುವ ಬಗೆಯನ್ನು 1973ರಲ್ಲಿ ಪಾಲ್ ಲಾಟರ್‌ಬರ್ ಪ್ರಕಟಿಸಿದರು. ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ ಅವರಿಗೂ 2003ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದು ಮಿದುಳಿನ ಆಕಾರದ ಚಿತ್ರವಾಯಿತು. ಅದರ ಕೆಲಸದ ಚಿತ್ರ ಬಂದುದು 1990ರ ಬಳಿಕ. ಆಮ್ಲಜನಕ ಹೊತ್ತ ರಕ್ತವೂ ಅದನ್ನು ಇಳಿಸಿದ ರಕ್ತವೂ ಕಾಂತದ ಮುಂದೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ ಎಂಬುದನ್ನು ಹಿಡಿದು, ಮಿದುಳಿನಲ್ಲಿ ರಕ್ತ ಎಲ್ಲಿ ಹೆಚ್ಚು ಹರಿಯುತ್ತಿದೆಯೆಂದು ಕಾಣಬಹುದೆಂದು ಸೆಯ್ಜಿ ಒಗಾವ ತೋರಿಸಿದರು. ಯೋಚನೆ ಕ್ಷಣದಲ್ಲಿ ಮುಗಿದರೂ ರಕ್ತ ಬಂದು ತುಂಬಿಕೊಳ್ಳಲು ಐದಾರು ಸೆಕೆಂಡು ಬೇಕು. ಹಾಗಾಗಿ ನಾವು ನೋಡುವುದು ಯೋಚನೆಯನ್ನಲ್ಲ. ಅದು ನಡೆದುಹೋದ ಮೇಲೆ ಬಂದ ನೀರಗಂಟಿಯನ್ನು.

ಈ ವಿಚಾರದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಇಟಲಿಯ ಟ್ಯೂರಿನ್ನಿನಲ್ಲಿ ಆಂಜೆಲೊ ಮೊಸ್ಸೊ ಎಂಬ ವಿಜ್ಞಾನಿಯಿದ್ದರು, ಹುಟ್ಟಿದುದು 1846ರಲ್ಲಿ. 1870ರ ದಶಕದಲ್ಲಿ ಅವರಿಗೆ ಬೆರ್ಟಿನೊ ಎಂಬ ರೈತ ಸಿಕ್ಕಿದ. ಅಪಘಾತದಲ್ಲಿ ಅವನ ತಲೆಬುರುಡೆಯ ಒಂದು ಭಾಗ ಹೋಗಿ, ಚರ್ಮದ ಕೆಳಗೆ ಮಿದುಳಿನ ಮಿಡಿತ ಹೊರಗಿನಿಂದಲೇ ಅಳೆಯುವಂತಿತ್ತು. ಮೊಸ್ಸೊ ಅವನಿಗೆ 8ನ್ನು 12ರಿಂದ ಗುಣಿಸಲು ಹೇಳಿದರು. ಕೈಯ ನಾಡಿ ಇದ್ದಂತೆಯೇ ಇತ್ತು, ಮಿದುಳಿನ ಮಿಡಿತ ಏರಿತು. ಮಧ್ಯಾಹ್ನದ ಗಂಟೆ ಹೊಡೆದಾಗಲೂ ಏರಿತು. ಪ್ರಾರ್ಥನೆ ಹೇಳಬೇಕಾಗಿತ್ತೆಂದು ನೆನಪಾಯಿತೇ ಎಂದು ಕೇಳಿದಾಗ ಮತ್ತೆ ಏರಿತು. ಮಿದುಳಿನ ಕೆಲಸವನ್ನು ರಕ್ತದ ಹರಿವಿನಲ್ಲಿ ಓದುವ ವಿದ್ಯೆ ಹೀಗೆ ಒಬ್ಬ ಅಕ್ಷರಸ್ಥ ವಿಜ್ಞಾನಿಯಿಂದಲೂ ಒಬ್ಬ ಬಡ ರೈತನ ತಲೆಯಿಂದಲೂ ಕೂಡಿ ಹುಟ್ಟಿತು. ಇಷ್ಟನ್ನು ಹಲವು ಪುಸ್ತಕಗಳು ಹೇಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದುದು ಮತ್ತೊಂದು ಸಂಗತಿ: ಈ ಮೊಸ್ಸೊ ಒಬ್ಬ ಬಡಗಿಯ ಮಗ. ಮೊಲೆಷಾಟ್ ಎಂಬ ಪ್ರಾಧ್ಯಾಪಕರು ಅವರನ್ನು ಶಿಷ್ಯನಾಗಿ ಕೈಹಿಡಿದರು. ಮುಂದೆ ಗುರುವಿನ ಪೀಠಕ್ಕೆ ಮೊಸ್ಸೊ ಅವರೇ ಬಂದರು. ಗಾಜಿನ ಎರಡು ಬದಿಯಲ್ಲಿಯೂ ಬಡವರ ಮಕ್ಕಳೇ ಇದ್ದ ಪ್ರಯೋಗ ಅದು.

ಈಗ ಕಲಾ ಕಾಲೇಜಿನವರಿಗೆ ಇದರಲ್ಲಿ ಏನು ಕೆಲಸ ಎಂಬ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನಶ್ಶಾಸ್ತ್ರ ಪ್ರಯೋಗಾಲಯವನ್ನು ನೋಡಿದವರು ಅದನ್ನು ಉಗ್ರಾಣವೆಂದು ತಿಳಿದರೆ ತಪ್ಪೇನಲ್ಲ. ಮೂರು ಬೆಂಚು, ಒಂದು ಬೀರು, ನಾಲ್ಕು ಸ್ಟಾಪ್‌ವಾಚು, ಅವುಗಳಲ್ಲಿ ನಡೆಯುವುದು ಎರಡು. ಆ ಬೀರುವಿನಲ್ಲಿ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಒಂದು ಹಲಗೆಯುಂಟು. ಕೈ ಕಾಣದಂತೆ ಮರೆಮಾಡಿ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲು ಓಡಿಸಬೇಕು. ಮೊದಲ ಸಲ ಎಲ್ಲರೂ ಕೋಳಿ ಕೆದಕಿದಂತೆ ಗೀಚುತ್ತೇವೆ. ಹತ್ತನೆಯ ಸಲಕ್ಕೆ ಕೈ ಪಳಗುತ್ತದೆ. ರೆಕಾರ್ಡಿಗೆ ಬರೆದು, ಸಹಿ ಹಾಕಿಸಿ, ಅಂಕ ಪಡೆದು ಮರೆಯುವ ಪ್ರಯೋಗವಿದು.

ಆದರೆ ಇದೇ ಬಗೆಯ ನಕ್ಷತ್ರದ ಪ್ರಯೋಗವನ್ನು ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಒಬ್ಬ ರೋಗಿಯ ಮುಂದಿಟ್ಟುದರಿಂದ ನೆನಪಿನ ಶಾಸ್ತ್ರವೇ ಬದಲಾಯಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗ ಹೋಗಲೆಂದು 1953ರಲ್ಲಿ ಮಿದುಳಿನ ಎರಡು ಪಕ್ಕದ ಒಳಭಾಗಗಳನ್ನು ಕತ್ತರಿಸಿ ತೆಗೆದರು. ಮೂರ್ಛೆ ಕಡಿಮೆಯಾಯಿತು, ಅದರೊಡನೆ ಹೊಸ ನೆನಪು ಕೂಡುವ ಶಕ್ತಿಯೂ ಹೋಯಿತು. ಊಟ ಮಾಡಿದುದು ನೆನಪಿಲ್ಲ, ಈಗ ತಾನೇ ಮಾತಾಡಿದವರು ನೆನಪಿಲ್ಲ. ಮಿಲ್ನರ್ ಅವನಿಂದ ಮೂರು ದಿನ ಕನ್ನಡಿಯ ನಕ್ಷತ್ರ ಬಿಡಿಸಿದರು. ಪ್ರತಿದಿನವೂ ಅವನಿಗೆ ಅದು ಹೊಚ್ಚಹೊಸ ಕೆಲಸ, ಹಿಂದೆಂದೂ ಮಾಡಿಲ್ಲವೆನ್ನುತ್ತಿದ್ದ. ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತಿತ್ತು! ಸಂಗತಿಗಳ ನೆನಪು ಒಂದು, ಕೈಯ ಅಭ್ಯಾಸ ಇನ್ನೊಂದು, ಇವೆರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಮನೆಗಳಿವೆ ಎಂಬುದು ಒಂದು ಕನ್ನಡಿ, ಒಂದು ಪೆನ್ಸಿಲಿನಿಂದ ತಿಳಿಯಿತು. 1990ರ ದಶಕದಲ್ಲಿ ಅವನನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೋಡಿದಾಗ, ಶಸ್ತ್ರವೈದ್ಯರು 8 ಸೆಂಟಿಮೀಟರು ಎಂದು ಅಂದಾಜು ಬರೆದಿದ್ದ ಗಾಯ ಸುಮಾರು 5 ಸೆಂಟಿಮೀಟರು ಮಾತ್ರವೆಂದು ಗೊತ್ತಾಯಿತು. ಆ ನಿಖರತೆ ಯಂತ್ರದ್ದು. ಏನನ್ನು ಕೇಳಬೇಕೆಂಬ ಬುದ್ಧಿ ಬಂದುದು ಬೀರುವಿನೊಳಗಿನ ಹಲಗೆಯಿಂದ.

ಇದರಲ್ಲಿಯೂ ಗುರುಪರಂಪರೆಯನ್ನು ಗಮನಿಸಬೇಕು. ಮಾಂಟ್ರಿಯಲ್ಲಿನಲ್ಲಿ ಮಿಲ್ನರ್ ಅವರನ್ನು ಪಿಎಚ್.ಡಿ.ಗೆ ತೆಗೆದುಕೊಂಡು, ಶಸ್ತ್ರಚಿಕಿತ್ಸೆಯ ರೋಗಿಗಳ ಬಳಿಗೆ ಕಳುಹಿಸಿದವರು ಡೊನಾಲ್ಡ್ ಹೆಬ್. ಮಿಲ್ನರ್ ಅವರ ಶಿಷ್ಯೆ ಸುಜ಼ನ್ ಕಾರ್ಕಿನ್. ಹೆನ್ರಿ ಮೊಲೈಸನ್ 2008ರಲ್ಲಿ ತೀರಿಕೊಳ್ಳುವವರೆಗೂ ಆತನನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು ಆಕೆ. ಒಂದು ಮನೆಯ ಬೆಂಕಿಯಿಂದ ಇನ್ನೊಂದು ಮನೆಯ ಒಲೆ ಹತ್ತಿಸಿದಂತೆ ಈ ವಿದ್ಯೆ ಒಬ್ಬರಿಂದ ಒಬ್ಬರಿಗೆ ಹೋಗಿದೆ. ಪುಸ್ತಕ ಓದಿ ತಿಳಿಯಬಹುದಾದುದು ಬಹಳವಿದೆ. ಯಾವ ಪುಸ್ತಕವನ್ನು ಓದಬೇಕು, ಯಾವುದನ್ನು ನಂಬಬಾರದು ಎಂಬುದನ್ನು ಹೇಳಲು ಒಬ್ಬ ಮನುಷ್ಯ ಬೇಕು.

ನಂಬಬಾರದ ವಿಷಯ ಬಂದುದರಿಂದ ಸತ್ತ ಮೀನಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು ತಂದು ಯಂತ್ರದೊಳಗೆ ಮಲಗಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, "ಈ ಚಿತ್ರದಲ್ಲಿರುವವರಿಗೆ ಏನನ್ನಿಸುತ್ತಿದೆ, ಹೇಳು" ಎಂದು ಕೇಳಿದರು. ಲೆಕ್ಕ ಹಾಕಿದಾಗ ಮೀನಿನ ಮಿದುಳಿನಲ್ಲಿ ಒಂದೆಡೆ ಬಣ್ಣ ಹತ್ತಿಕೊಂಡಿತ್ತು! ಇದರ ಗುಟ್ಟು ಸಂಖ್ಯಾಶಾಸ್ತ್ರದ ನಮ್ಮ ಎರಡನೆಯ ವರ್ಷದ ಪಾಠದಲ್ಲೇ ಇದೆ. ನೂರಕ್ಕೆ ಐದು ಸಲ ಆಕಸ್ಮಿಕವಾಗಿ ಬರಬಹುದಾದುದನ್ನು ನಾವು ಒಪ್ಪಿಕೊಳ್ಳುತ್ತೇವೆ. ಮಿದುಳಿನ ಚಿತ್ರವನ್ನು ಒಂದು ಲಕ್ಷ ಪುಟ್ಟ ಚೌಕಗಳಾಗಿ ಹೋಳುಮಾಡಿ ಒಂದೊಂದನ್ನೂ ಹೀಗೆ ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಐದು ಸಾವಿರ ಚೌಕಗಳು ಬೆಳಗಿಯಾವು. ಅದಕ್ಕೆ ತಕ್ಕ ತಿದ್ದುಪಡಿ ಮಾಡಿದೊಡನೆ ಮೀನು ಮತ್ತೆ ಸತ್ತಿತು. ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಎಂಬ ನಗೆಯ ಬಹುಮಾನವೂ ಬಂತು. ಪತ್ರಿಕೆಗಳಲ್ಲಿ "ಪ್ರೀತಿಯ ಕೇಂದ್ರ ಪತ್ತೆ" ಎಂದು ಕೆಂಪು ಹಳದಿ ಬಣ್ಣದ ಮಿದುಳಿನ ಚಿತ್ರ ಕಂಡಾಗಲೆಲ್ಲ ನನಗೆ ಆ ಮೀನು ನೆನಪಾಗುತ್ತದೆ. ಆ ಬಣ್ಣ ಫೋಟೋದಲ್ಲಿ ಬಂದುದಲ್ಲ. ಲೆಕ್ಕದ ಮೇಲೆ ಬಳಿದುದು. ಕೈಬೆರಳೆಣಿಕೆಯ ಮಂದಿಯನ್ನು ನೋಡಿ ಮನುಷ್ಯ ಸ್ವಭಾವಕ್ಕೂ ಮಿದುಳಿಗೂ ಗಂಟುಹಾಕುವುದು ಸಲ್ಲದು, ಸಾವಿರಾರು ಮಂದಿ ಬೇಕು ಎಂದು 2022ರಲ್ಲಿ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿ ತೋರಿಸಿದೆ. ನಮ್ಮ ತಾಲ್ಲೂಕಿನ ಹತ್ತು ಸಾವಿರದ ಬೆಲೆ ಆಗ ನನಗೆ ಇನ್ನಷ್ಟು ತಿಳಿಯಿತು.

ಆ ಹತ್ತು ಸಾವಿರ ಮಂದಿಯಾದರೂ ಎಂಥವರು? ನಮ್ಮ ಅಜ್ಜಿಯನ್ನೇ ನೋಡಿ. ಅವಳ ಮನೆಮಾತು ತೆಲುಗು. ಸಂತೆಯಲ್ಲಿ, ಸೊಸೈಟಿಯಲ್ಲಿ, ನಮ್ಮೊಡನೆ ಕನ್ನಡ. ಮಾವಿನ ಮಂಡಿಯ ಸಾಹೇಬರೊಡನೆ ಉರ್ದು. 2013ರಲ್ಲಿ ಸುವರ್ಣಾ ಅಲ್ಲಾಡಿ ಎಂಬ ವೈದ್ಯೆಯೂ ಅವರ ಸಂಗಡಿಗರೂ ಹೈದರಾಬಾದಿನಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳ ವಿವರಗಳನ್ನು ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಆ ಮರೆವಿನ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದು ವಿದ್ಯೆಯ ಫಲವೂ ಅಲ್ಲ. ಅಕ್ಷರ ಬಾರದವರಲ್ಲಿಯೂ ಹಾಗೆಯೇ ಇತ್ತು. ಪಶ್ಚಿಮ ದೇಶಗಳಲ್ಲಿ ಓದುಬರಹವಿಲ್ಲದ ಬಹುಭಾಷಿಗಳನ್ನು ಹುಡುಕುವುದೇ ಕಷ್ಟ. ನಮ್ಮಲ್ಲಿ ಬೀದಿಗೆ ಹತ್ತು ಮಂದಿ. ಇಂಥವರಿಗೆ ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಬೇಕು? "ಈ ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳಿ" ಎಂಬ ಪರೀಕ್ಷೆ ಅಕ್ಷರವೇ ಬಾರದವಳಿಗೆ ಹೇಗೆ ಸಲ್ಲುತ್ತದೆ? ಇಲ್ಲಿ ಊರಿನ ಮಾತು, ಊರಿನ ಬದುಕು ತಿಳಿದವರು ಬೇಕು. ಕಲಾ ಕಾಲೇಜಿನವರು ಬರಿಗೈಯಲ್ಲಿ ಬರುತ್ತಾರೆಂದು ಯಾರೂ ತಿಳಿಯಬೇಕಾಗಿಲ್ಲ.

ಮಿದುಳಿನ ನಕ್ಷೆಯ ಮಾತೂ ಹಾಗೆಯೇ. ಒಬ್ಬರ ಮಿದುಳನ್ನು ಇನ್ನೊಬ್ಬರದಕ್ಕೆ ಹೋಲಿಸಲು ಒಂದು ಅಳತೆಯ ಅಚ್ಚು ಬೇಕು. ಲೋಕವೆಲ್ಲ ಬಹುಕಾಲ ಬಳಸುತ್ತ ಬಂದುದು ಮಾಂಟ್ರಿಯಲ್ಲಿನಲ್ಲಿ 152 ಮಂದಿಯ ಮಿದುಳುಗಳಿಂದ ಮಾಡಿದ ಅಚ್ಚನ್ನು. ಹೈದರಾಬಾದಿನ ಒಂದು ಸಂಸ್ಥೆಯವರು 2019ರಲ್ಲಿ 100 ಮಂದಿ ಭಾರತೀಯರಿಂದಲೂ, ನಮ್ಮ ನಿಮ್ಹಾನ್ಸ್‌ನವರು 2020ರಲ್ಲಿ 6ರಿಂದ 60 ವಯಸ್ಸಿನವರಿಂದಲೂ ಇಲ್ಲಿಯ ಅಚ್ಚುಗಳನ್ನು ಮಾಡಿದರು. ಬೇರೆಯವರ ಅಳತೆಗೆ ಹೊಲಿದ ರವಿಕೆಯನ್ನು ತೊಟ್ಟುಕೊಳ್ಳುವ ಕಷ್ಟ ನನ್ನಂಥವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ದಾರಿಗಳು. ಗಾಂಧಿನಗರದ ಐ.ಐ.ಟಿ.ಯಲ್ಲಿ ಕಾಗ್ನಿಟಿವ್ ಸೈನ್ಸ್ ಎಂಬ ಎಂ.ಎಸ್ಸಿ. ಉಂಟು, ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು, ಪ್ರವೇಶ ಪರೀಕ್ಷೆಯುಂಟು. ಬಿ.ಎ. ಓದಿದವರು ಎಂ.ಎಸ್ಸಿ. ಆಗುವುದುಂಟೇ ಎಂದು ಅಪ್ಪ ಎರಡು ಸಲ ಕೇಳಿದರು, ಉಂಟು. ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿಯೂ ಈ ವಿಷಯಕ್ಕೆಂದೇ ಒಂದು ಕೇಂದ್ರವಿದೆ. ಇಲ್ಲವಾದರೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲೇ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಎನ್.ಇ.ಟಿ. ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದು ಪಿಎಚ್.ಡಿ.ಗೆ ಹೋಗಬಹುದು. ಆ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಓದುವವರಿಗೆ ಸಂಬಳ ಕೊಡುತ್ತಾರೆಂಬುದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು. ಪಡೆಯುವವರು ಬಹಳ ಕಡಿಮೆಯೆಂಬುದನ್ನೂ ನಾನು ಕೂಡಲೇ ಹೇಳಿದೆ. ಲೆಕ್ಕ ಕಲಿಯಲು ಯಂತ್ರವೇ ಬೇಕೆಂದಿಲ್ಲ. ಅಮೆರಿಕದಲ್ಲಿ ಸುಮಾರು 1,200 ತರುಣರ ಮಿದುಳಿನ ಚಿತ್ರಗಳನ್ನು ತೆಗೆದು, ಅಭ್ಯಾಸ ಮಾಡುವವರಿಗೆಲ್ಲ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ. ಆಕ್ಸ್‌ಫರ್ಡಿನವರ ಎಫ್.ಎಸ್.ಎಲ್. ಎಂಬ ಲೆಕ್ಕದ ಸಾಧನವನ್ನು ಕಲಿಯುವವರು ದುಡ್ಡಿಲ್ಲದೆ ಪಡೆಯಬಹುದು. 2020ರಲ್ಲಿ ಆರಂಭವಾದ ನ್ಯೂರೋಮ್ಯಾಚ್ ಅಕಾಡೆಮಿ ಮೂರು ವಾರ ಅಂತರ್ಜಾಲದಲ್ಲೇ, ಚಿಕ್ಕ ಚಿಕ್ಕ ಗುಂಪು ಮಾಡಿ, ಗುಂಪಿಗೊಬ್ಬ ಬೋಧಕರನ್ನಿಟ್ಟು ಪಾಠ ಹೇಳುತ್ತದೆ. ಶುಲ್ಕ ಆಯಾ ದೇಶದ ಜೀವನವೆಚ್ಚಕ್ಕೆ ತಕ್ಕಂತೆ. ನಮ್ಮ ಊರಿನಲ್ಲಿ ನೆಟ್‌ವರ್ಕು ಸಿಗುವುದು ನೀರಿನ ಟ್ಯಾಂಕಿನ ಬಳಿ ಮಾತ್ರ. ಅದಕ್ಕೆ ಅಕಾಡೆಮಿಯವರು ಏನು ಮಾಡಿಯಾರು?

ಎಲ್ಲ ಅರ್ಜಿಯಲ್ಲಿಯೂ ಇಬ್ಬರ ಶಿಫಾರಸು ಕೇಳುತ್ತಾರೆ. ನಮ್ಮ ಕಡೆ ಶಿಫಾರಸು ಎಂದರೆ ಶಾಸಕರ ಮನೆಯ ಬಾಗಿಲು. ಅಪ್ಪ ಬಿಳಿ ಪಂಚೆ ಒಗೆಸಿ ಸಿದ್ಧವಾಗಿಯೇಬಿಟ್ಟಿದ್ದರು. ಇದು ಹಾಗಲ್ಲ, ನನ್ನ ಕೆಲಸವನ್ನು ಕಣ್ಣಾರೆ ನೋಡಿದ ಅಧ್ಯಾಪಕರು ಬರೆಯಬೇಕು ಎಂದು ವಿವರಿಸಿದೆ. ನಮಗೆ ಮನಶ್ಶಾಸ್ತ್ರ ಕಲಿಸುವ ಮೇಡಂ ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ಇಲ್ಲಿರುವರೋ ಇಲ್ಲವೋ ಅವರಿಗೇ ತಿಳಿಯದು. ಆದರೂ ನನ್ನನ್ನು ಕೂರಿಸಿಕೊಂಡು ಸಂಶೋಧಕರಿಗೆ ಪತ್ರ ಬರೆಯುವ ಬಗೆ ಹೇಳಿಕೊಟ್ಟವರು ಅವರೇ. "ನಿಮ್ಮ ಅಪಾರ ಪಾಂಡಿತ್ಯ ಅಂತ ಶುರುಮಾಡಬೇಡಮ್ಮಾ. ಅವರ ಒಂದು ಲೇಖನ ಪೂರ್ತಿ ಓದು. ಅರ್ಥವಾಗದ ಒಂದು ವಾಕ್ಯ ಹಿಡಿದು ಕೇಳು. ಅರ್ಥವಾಗದಿರುವುದಕ್ಕೆ ನಾಚಿಕೆಪಡಬೇಡ, ಪುಟದ ಸಂಖ್ಯೆ ಹಾಕು." ಐದು ಮಂದಿಗೆ ಇ-ಮೇಲ್ ಬರೆದೆ. ನಾಲ್ವರಿಂದ ಉತ್ತರವಿಲ್ಲ. ದೊಡ್ಡವರ ಮೇಜಿನ ಮೇಲೆ ದಿನಕ್ಕೆ ಎಷ್ಟು ಪತ್ರ ಬೀಳುತ್ತವೆಯೋ! ಐದನೆಯವರು ಅದನ್ನು ತಮ್ಮ ಸಂಶೋಧನಾ ವಿದ್ಯಾರ್ಥಿನಿಗೆ ಕಳುಹಿಸಿದ್ದರು. ಆಕೆಯಿಂದ ಆರು ಸಾಲಿನ ಉತ್ತರ ಬಂತು: ಈ ಎರಡು ಲೇಖನಗಳನ್ನು ಓದಿ, ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿ, ಅವಸರವಿಲ್ಲ.

ಅವಸರವಿಲ್ಲವೆಂದು ಆಕೆ ಬರೆದರು, ಮನೆಯಲ್ಲಿ ಅವಸರವುಂಟು. ಅಪ್ಪ ಗುತ್ತಿಗೆಗೆ ಹಿಡಿದ ತೋಪಿನಲ್ಲಿ ಈ ವರ್ಷ ಹೂವು ನಿಂತುದೇ ಕಡಿಮೆ. ತಮ್ಮ ಪಿ.ಯು.ಸಿ.ಯಲ್ಲಿದ್ದಾನೆ. ಬಿ.ಎಡ್. ಆದರೆ ಎರಡು ವರ್ಷಕ್ಕೆ ಒಂದು ಖಾಸಗಿ ಶಾಲೆಯಲ್ಲಾದರೂ ಕೈಗೆ ನಾಲ್ಕು ಕಾಸು ಬಂದೀತು. ನಾನು ಹೇಳುವ ದಾರಿಯಲ್ಲಿ ಎರಡು ವರ್ಷ ಎಂ.ಎಸ್ಸಿ., ಆಮೇಲೆ ಐದು ವರ್ಷ ಪಿಎಚ್.ಡಿ.; ಅಷ್ಟು ಹೊತ್ತಿಗೆ ನನಗೆ ಇಪ್ಪತ್ತೇಳು. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾದಿಸಬಹುದಾಗಿತ್ತು. "ಅದಕ್ಕೂ ಅರ್ಜಿ ಹಾಕು, ಇದಕ್ಕೂ ಅರ್ಜಿ ಹಾಕು" ಎಂದರು. ಎರಡಕ್ಕೂ ಹಾಕಿದ್ದೇನೆ. ಐ.ಐ.ಟಿ.ಯ ಫಲಿತಾಂಶ ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಬಂದಿರುವುದಿಲ್ಲ.

ಮೂರು ಪ್ರಶ್ನೆಗಳಲ್ಲಿ ಎರಡು ಸಂಖ್ಯಾಶಾಸ್ತ್ರದವು. ಅವುಗಳಿಗೆ ಆಕೆ ಚೆನ್ನಾಗಿ ಉತ್ತರ ಬರೆದರು. ಮೂರನೆಯದು ಅಜ್ಜಿಯ ಪ್ರಶ್ನೆ. ಕೊಳವೆಯೊಳಗೆ ಅವಳಿಗೆ, "ಸುಮ್ಮನೆ ಮಲಗಿರಿ, ಏನನ್ನೂ ವಿಶೇಷವಾಗಿ ಯೋಚಿಸಬೇಡಿ" ಎಂದು ಹೇಳಿದ್ದರಂತೆ. ಕೆಲಸವಿಲ್ಲದೆ ಬಿಡುವಾಗಿರುವ ಮಿದುಳನ್ನು ನೋಡುವ ಪರೀಕ್ಷೆ ಅದು. ಅಜ್ಜಿ ಮನೆಗೆ ಬಂದು, "ಯೋಚಿಸಬೇಡ ಅಂದರೆ ಆಗುತ್ತೇನೇ? ಲೆಕ್ಕ ತೆಲುಗಿನಲ್ಲಿ ಬಂತು, ಬೈಗುಳ ಕನ್ನಡದಲ್ಲಿ ಬಂತು, ಮಂಡಿ ಸಾಹೇಬರು ಕೊಡಬೇಕಾದ ಬಾಕಿ ತುರುಕ ಮಾತಲ್ಲೇ ಬಂತು" ಎಂದಿದ್ದಳು. ಒಂದೇ ಭಾಷೆಯವರ ಬಿಡುವೂ ಮೂರು ಭಾಷೆಯವರ ಬಿಡುವೂ ಒಂದೇ ಬಗೆಯದೇ ಎಂದು ನಾನು ಬರೆದು ಕೇಳಿದೆ. ಹನ್ನೊಂದು ದಿನ ಉತ್ತರವಿರಲಿಲ್ಲ. ಹನ್ನೆರಡನೆಯ ದಿನ ಬಂತು: "ಇದರ ಮೇಲೆ ಒಂದಿಷ್ಟು ಲೇಖನಗಳಿವೆ, ಕಳುಹಿಸಿದ್ದೇನೆ. ನಿಮ್ಮ ಅಜ್ಜಿಯಂಥವರ ವಿಷಯದಲ್ಲಿ ನನಗೂ ತಿಳಿಯದು. ಪರೀಕ್ಷೆ ಮುಗಿದ ಮೇಲೆ ಒಂದು ಸೋಮವಾರ ಹತ್ತು ಗಂಟೆಗೆ ಬನ್ನಿ, ನಮ್ಮ ವಾರದ ಚರ್ಚೆಯಲ್ಲಿ ಕೂರಬಹುದು. ಕಾಲೇಜಿನ ಗುರುತಿನ ಚೀಟಿ ತನ್ನಿ."

ಅಪ್ಪನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಸೋಮವಾರ ಬೆಂಗಳೂರು ಬಸ್ಸು ರಶ್ಶಿರುತ್ತೆ. ಆರು ಗಂಟೆ ಬಸ್ಸಿಗೇ ಹೊರಡಬೇಕು. ಸ್ಟ್ಯಾಂಡಿನವರೆಗೂ ಗಾಡಿಯಲ್ಲಿ ನಾನು ಬಿಡ್ತೀನಿ" ಎಂದರು.